ಸಮುದ್ರಕ್ಕೆ ಬಿದ್ದ ಫೋಟೋಗಳು

ಕಳೆದ ಜೂನಿನಲ್ಲಿ ಹೊನ್ನಾಳಿಯಿಂದ ಚನ್ನಗಿರಿಗೆ ಹೊರಟಿದ್ದೆ. ಸಾಸ್ವೆಹಳ್ಳಿಯಲ್ಲಿ ಏಳೆಂಟು ಪುಟ್ಟ ಮಕ್ಕಳು ಬಸ್ಸು ಹತ್ತಿದರು. ಎಲ್ಲರೂ ಮಳೆಗೆ ಸಿಕ್ಕಿ ತೊಯ್ದಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿದ್ದ ಬಸ್ಸಿನೊಳಗೆ ಒದ್ದೆ ಸಾಕ್ಸು, ಮೇಣದ ಬಣ್ಣದ ಕಡ್ಡಿ, ಡಬ್ಬಿಯಲ್ಲಿ ಮಿಕ್ಕ ಚಿತ್ರಾನ್ನ, ಎಲ್ಲದರ ವಾಸನೆ ಕಲೆತು ಮೂಗಿಗೆ ಬಡಿಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

"ಸೀಟ್ ಖಾಲಿ ಐತಲ್ರೀ ಮೇಡಂ, ಯಾಕೆ ನಿಂತ್ಕಂಡ್ರಿ?" ಅಂದ ಕಂಡಕ್ಟರ್.

ನಾನು ಮೊದಲ ಸಲ ಶಾಲೆಯಲ್ಲಿ ಮಿಸ್ ಆಗಿ ಸೇರಿದ ವರ್ಷ ನೆನಪಿಗೆ ಬಂದಿತ್ತು. ಆ ವರ್ಷದ ನೆನಪು ಬಂದಾಗಲೆಲ್ಲ ನನಗೆ ಹೀಗೇ ಆಗುತ್ತದೆ.

ಆಗ ನನಗೆ ಇಪ್ಪತ್ನಾಲ್ಕು. ಚನ್ನಗಿರಿಯ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಮಿಸ್ ಆಗಿ ಸೇರಿದ್ದೆ. ನಮ್ಮ ಟ್ರಸ್ಟಿಗೆ ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೂ ಒಂದೊಂದು ನರ್ಸರಿ ಇತ್ತು. ಎಲ್ಲದಕ್ಕೂ ಕಾರ್ಯದರ್ಶಿ ರುದ್ರಪ್ಪ ಸರ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನಲ್ಲಿ ಈಗಲೂ ಸೀಟಿ. ದುಡ್ಡಿಗಾಗಿ ಶಾಲೆ ನಡೆಸುವ ಮನುಷ್ಯ ಅಲ್ಲ. ಮಕ್ಕಳು ಸಾಲಾಗಿ ನಿಂತರೆ ದೇಶ ಸರಿಹೋಗುತ್ತದೆ ಎಂದು ಮನಸಾರೆ ನಂಬಿದ್ದವರು.

ನನ್ನ ಕ್ಲಾಸಿನಲ್ಲಿ ಮೂವತ್ನಾಲ್ಕು ಮಕ್ಕಳು. ಕೊರೊನಾ ಕಾಲದಲ್ಲಿ ಮಾತು ಕಲಿತವರು. ಅಜ್ಜಿ, ಮೊಬೈಲು, ನಾಲ್ಕು ಗೋಡೆ ಬಿಟ್ಟು ಬೇರೇನನ್ನೂ ಸರಿಯಾಗಿ ನೋಡದವರು. ತಮ್ಮಷ್ಟೇ ಎತ್ತರದ ಇನ್ನೊಂದು ಮಗುವನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಕಚ್ಚುತ್ತಿದ್ದರು, ದೂಡುತ್ತಿದ್ದರು, ಪೆನ್ಸಿಲಿನಿಂದ ಚುಚ್ಚುತ್ತಿದ್ದರು. ಮೊದಲ ವಾರದಲ್ಲೇ ಒಂದು ಹುಡುಗಿಯ ಕೆನ್ನೆಯ ಮೇಲೆ ಹಲ್ಲಿನ ಗುರುತು ಮೂಡಿತು. ಎರಡನೇ ವಾರ ಇಬ್ಬರು ತಂದೆಯರು ಗೇಟಿನ ಹತ್ತಿರ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದರು. ನನ್ನ ಗಂಟಲು ಒಡೆದು ಹೋಗಿ ಮಧ್ಯಾಹ್ನದ ಹೊತ್ತಿಗೆ ಮಾತೇ ಹೊರಡುತ್ತಿರಲಿಲ್ಲ.

ರುದ್ರಪ್ಪ ಸರ್ ಒಂದು ದಿನ ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿದರು.

"ಶೈಲಾ ಮೇಡಂ, ನಿಮಗೆ ಓದು ಐತೆ, ಹಿಡಿತ ಇಲ್ಲ. ಆಗಸ್ಟ್ ಹದಿನೈದಕ್ಕೆ ನಾಲ್ಕೂ ಶಾಖೆ ಮಕ್ಕಳನ್ನ ಇಲ್ಲೇ ಸೇರಿಸ್ತೀನಿ. ಅಷ್ಟರೊಳಗೆ ಈ ಸಂತೆ ಹೋಗಿ ಕ್ಲಾಸ್ ಆಗ್ಬೇಕು. ಇಲ್ಲ ಅಂದ್ರೆ ಬೇರೆಯೋರನ್ನ ನೋಡ್ಬೇಕಾಗ್ತೈತೆ."

ಅವರು ಹೋದ ಮೇಲೆ ಶಾಲೆಯ ಆಯಾ ಹಾಲಮ್ಮ ನನಗೊಂದು ಲೋಟ ಬಿಸಿನೀರು ತಂದುಕೊಟ್ಟಳು. "ಕೂಗಬೇಡ್ರಿ ಮಿಸ್, ಕಥೆ ಹೇಳ್ರಿ. ಕೂಗಿದ್ರೆ ಅವೂ ಕೂಗ್ತಾವೆ," ಅಂದಳು.

ಅದೇ ಮಧ್ಯಾಹ್ನ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಮಕ್ಕಳಿಗೆ ಗಡಿ ಕಾಯುವ ಸೈನಿಕನ ಕಥೆ ಹೇಳಿದೆ. ಆಗಲೇ ಕಟ್ಟಿದ ಕಥೆ ಅದು. ಮಂಜುಗಡ್ಡೆಯ ಮೇಲೆ ಅಲುಗಾಡದೆ ನಿಂತವನು. ನಾವು ಮಲಗಲೆಂದು ತಾನು ಎದ್ದಿರುವವನು. ಕ್ಲಾಸು ಮೌನವಾಯಿತು. ಮೂವತ್ನಾಲ್ಕು ಜೋಡಿ ಕಣ್ಣು ನನ್ನ ಮೇಲೆ ನೆಟ್ಟಿದ್ದವು. ಚಾವಣಿಯ ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಆ ದಿನವೇ ಮೊದಲು ನನಗೆ ಕೇಳಿಸಿದ್ದು.

ನನಗೆ ದಾರಿ ಸಿಕ್ಕಿತು ಎನಿಸಿತು. ಎರಡು ದಿನ ಕೂತು ನಾಲ್ಕು ಡ್ರಾಯಿಂಗ್ ಶೀಟು ಜೋಡಿಸಿ ಭಾರತದ ದೊಡ್ಡ ನಕ್ಷೆ ಬರೆದೆ. ಕೇಸರಿ, ಬಿಳಿ, ಹಸಿರು ತುಂಬಿದೆ. ಮೂರು ಕಡೆ ನೀಲಿ ಸಮುದ್ರ. ಪ್ರತಿ ಮಗುವಿನ ಪಾಸ್‌ಪೋರ್ಟ್ ಫೋಟೋದ ಹಿಂದೆ ಎತ್ತಿ ಮತ್ತೆ ಅಂಟಿಸಬಹುದಾದ ಟೇಪು ಹಚ್ಚಿ ನಕ್ಷೆಯೊಳಗೆ ಅಂಟಿಸಿದೆ.

"ಇದು ನಮ್ಮ ದೇಶ. ಒಳ್ಳೆ ಮಕ್ಕಳೆಲ್ಲ ದೇಶದ ಒಳಗೆ. ಯಾರು ಹೊಡೀತಾರೋ, ಕಚ್ಚತಾರೋ, ರಾಷ್ಟ್ರಗೀತೆ ಹಾಡುವಾಗ ಅಲುಗಾಡ್ತಾರೋ, ಅವರ ಫೋಟೋ ಆ ದಿನ ಸಮುದ್ರಕ್ಕೆ," ಎಂದೆ.

ಈಗ ಈ ಮಾತನ್ನು ಬರೆಯುವಾಗ ನನ್ನ ಕೈ ಹಿಂದೆಗೆಯುತ್ತದೆ. ಆಗ ಹೆಮ್ಮೆಯಿಂದ ಹೇಳಿದ್ದೆ.

ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೇ ನಂಬಿಕೆಯಾಗಲಿಲ್ಲ. ಹತ್ತು ದಿನಗಳಲ್ಲಿ ಚಪ್ಪಲಿಗಳು ಸಾಲಾದವು. ಕೈ ತೊಳೆಯಲು ಸರದಿ ನಿಂತರು. ಕಚ್ಚುವುದು ನಿಂತಿತು. ಪ್ರೀತಮ್ ಎಂಬ ಹುಡುಗನಂತೂ ಒಂದು ದಿನವೂ ನಕ್ಷೆಯಿಂದ ಹೊರಗೆ ಬೀಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಬಾಯಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದ. ಅವನ ತಾಯಿ ಬಂದು ನನ್ನ ಕೈ ಹಿಡಿದು, "ಮನ್ಯಾಗೂ ಹಂಗೇ ಕೂರ್ತಾನೆ ಮಿಸ್, ಒಂದು ಸದ್ದಿಲ್ಲ," ಎಂದರು. ಇಬ್ಬರೂ ಖುಷಿಪಟ್ಟೆವು.

ರುದ್ರಪ್ಪ ಸರ್ ನಕ್ಷೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. "ಇದು ನೋಡ್ರಿ ಶಿಕ್ಷಣ ಅಂದ್ರೆ," ಎಂದರು. ವಾರದೊಳಗೆ ನನ್ನ ನಕ್ಷೆಯನ್ನು ಫೋಟೋ ಹಿಡಿಸಿ, ಫ್ಲೆಕ್ಸಿನಲ್ಲಿ ಮುದ್ರಿಸಿ ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಕಳಿಸಿದರು. ಆಗಸ್ಟ್ ಹದಿನೈದಕ್ಕೆ ವೇದಿಕೆಯ ಮೇಲೆ ನನಗೆ ಶಾಲು ಹೊದಿಸುವುದೆಂದೂ ಆಯಿತು.

ಸಮುದ್ರದಲ್ಲಿ ಮಾತ್ರ ಒಂದು ಫೋಟೋ ಇದ್ದೇ ಇರುತ್ತಿತ್ತು. ಸಿಂಚನಾಳದು. ಸೂಳೆಕೆರೆ ಪಕ್ಕದ ಹಳ್ಳಿಯಿಂದ ವ್ಯಾನಿನಲ್ಲಿ ಬರುತ್ತಿದ್ದ ಹುಡುಗಿ. ತಂದೆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು, ತಾಯಿ ರೇಣುಕಾ ಚನ್ನಗಿರಿಯ ಮಾರ್ಕೆಟ್ಟಿಗೆ ತಂದು ಮಾರುತ್ತಿದ್ದರು. ಸಿಂಚನಾ ಯಾರಿಗೂ ಹೊಡೆದವಳಲ್ಲ. ಆದರೆ ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ. ರಾಷ್ಟ್ರಗೀತೆ ಶುರುವಾದರೆ ಮೊದಲು ಹಿಮ್ಮಡಿ ಏಳುತ್ತಿತ್ತು, ಆಮೇಲೆ ಮೊಣಕಾಲು, ಕೊನೆಯ ಸಾಲಿನ ಹೊತ್ತಿಗೆ ಇಡೀ ಹುಡುಗಿ ತೂಗಾಡುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವಳೂ ಅವಳೇ. ಹಾಡು ಮುಗಿಯುವುದೇ ತಡ, ಮೂವತ್ತು ಬೆರಳು ಅವಳ ಕಡೆಗೆ ಏಳುತ್ತಿದ್ದವು.

"ಮಿಸ್, ಸಿಂಚನಾ ಅಲ್ಲಾಡಿದ್ಲು! ಸಮುದ್ರಕ್ಕೆ ಹಾಕ್ರಿ!"

ನಾನು ಹಾಕುತ್ತಿದ್ದೆ. ನಿಯಮ ಎಲ್ಲರಿಗೂ ಒಂದೇ ಅಲ್ಲವೇ?

ಜುಲೈ ಕೊನೆಯ ವಾರ ಸಿಂಚನಾ ನಾಲ್ಕು ದಿನ ಬರಲಿಲ್ಲ. ಜ್ವರ ಇರಬೇಕೆಂದುಕೊಂಡೆ. ಐದನೇ ದಿನ ರೇಣುಕಾ ಬಂದರು. ಗೇಟಿನ ಹೊರಗೇ ನಿಂತರು, ಮೀನಿನ ಬುಟ್ಟಿ ಪಕ್ಕಕ್ಕಿಟ್ಟು.

"ಒಳಗೆ ಬನ್ನಿ," ಎಂದೆ.

"ಬ್ಯಾಡ ಬಿಡ್ರಿ, ಮೈಯೆಲ್ಲ ವಾಸನೆ. ಇಲ್ಲೇ ಹೇಳ್ತೀನಿ." ಸೆರಗಿನಿಂದ ಕೈ ಒರೆಸಿಕೊಂಡರು. "ಮಿಸ್, ನಿಮ್ಮನ್ನ ಬೈಯಾಕೆ ಬಂದಿಲ್ಲ. ನಮ್ಮ ಹುಡುಗಿ ಕೇಳ್ತಾಳೆ, ಅವ್ವಾ, ನಾನು ಯಾವ ದೇಶದವ್ಳು ಅಂತ. ನಾನು, ಯಾಕೆ ತಾಯಿ, ಇದೇ ದೇಶದವ್ಳು ಅಂದ್ರೆ, ಅಲ್ಲ, ನಿಂಗೊತ್ತಿಲ್ಲ, ನನ್ನ ಸಮುದ್ರಕ್ಕೆ ಹಾಕ್ಯಾರೆ ಅಂತಾಳೆ."

ನಾನು ಗೇಟು ದಾಟಿ ಅವರ ಹತ್ತಿರ ಹೋದೆ.

"ಇನ್ನೊಂದು ಐತೆ. ಕೆರೆ ಏರಿ ಮೇಲೆ ಕಾಲಿಡಲ್ಲ ಈಗ. ಅವರಪ್ಪ ತೆಪ್ಪ ಇಳಿಸಿದ್ರೆ ಚೀರಾಕೆ ಹತ್ತತಾಳೆ. ನೀರು ಕಂಡ್ರೆ ಸಾಕು, ನನ್ನ ಕಾಲು ಹಿಡ್ಕಂಡು ಬಿಡಲ್ಲ. ನಮ್ಮನೆ ಮುಂದೇನೇ ಕೆರೆ ಮಿಸ್. ನಮ್ಮ ಅನ್ನಾನೇ ಅದು. ಅಲ್ಲಿ ಹೆಂಗೆ ಇರಬೇಕು ಆ ಕೂಸು?"

ನಾನು ಏನೋ ತೊದಲಿದೆ. ಆಟದ ಹಾಗೆ, ಮಕ್ಕಳಿಗೆ ಶಿಸ್ತು, ಹೀಗೆ. ಅವರು ಕೇಳಿಸಿಕೊಂಡು ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದರು.

ಕ್ಲಾಸಿಗೆ ಮರಳಿದೆ. ಮಕ್ಕಳು ಸಾಲಾಗಿ, ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದರು. ಅಷ್ಟು ದಿನ ನನಗೆ ಇಷ್ಟವಾಗಿದ್ದ ಆ ಮೌನವನ್ನು ಆವತ್ತು ಸಹಿಸಲಾಗಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಪಾಠ ಮಾಡಲಾಗಲಿಲ್ಲ.

ಆ ಭಾನುವಾರ ಅವರ ಹಳ್ಳಿಗೆ ಹೋದೆ. ಕೆರೆ ತುಂಬಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಸಿಂಚನಾ ನನ್ನನ್ನು ಕಂಡವಳೇ ಒಳಗೆ ಓಡಿ ಹಾಸಿಗೆ ಸುತ್ತಿಟ್ಟ ಮೂಲೆಯಲ್ಲಿ ಅಡಗಿದಳು. ಹೊಸ್ತಿಲ ಹತ್ತಿರ ಕೂತು ಕಾದೆ. ರೇಣುಕಾ ಚಹಾ ಕೊಟ್ಟರು. ಲೋಟ ಖಾಲಿಯಾದ ಮೇಲೂ ಕೂತಿದ್ದೆ. ಕೊನೆಗೆ ಹಾಸಿಗೆಯ ಹಿಂದಿನಿಂದ ಸಣ್ಣ ದನಿ ಬಂತು.

"ಮಿಸ್, ನಾನು ಮುಳುಗಿಬಿಟ್ರೆ ಯಾರು ತೆಗೀತಾರೆ?"

"ನಾನೇ ತೆಗೀತೀನಿ ಪುಟ್ಟಿ."

ಹಾಸಿಗೆಯ ಮರೆಯಿಂದ ಎರಡು ಕಣ್ಣು ಮಾತ್ರ ಇಣುಕಿದವು.

"ಹಾಕೋರೂ ನೀವೇ ಅಲ್ಲಾ?"

"ಇನ್ನು ಹಾಕಲ್ಲ" ಎಂದೆ. ಅವಳು ಹೊರಗೆ ಬರಲಿಲ್ಲ. ದೊಡ್ಡವರ ಮಾತನ್ನು ಅವಳು ಯಾಕೆ ನಂಬಬೇಕು?

ಸೋಮವಾರ ಬೆಳಿಗ್ಗೆ ಬರುವಾಗಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳು ಮರಕ್ಕೆ ಹಚ್ಚುವ ಬಿಳಿ ಅಂಟು ಕೊಂಡೆ. ಮಕ್ಕಳೆಲ್ಲ ಬಂದ ಮೇಲೆ ನಕ್ಷೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿದೆ. ಒಂದೊಂದು ಫೋಟೋದ ಟೇಪು ಕಿತ್ತು, ಅಂಟು ಬಳಿದು ನಕ್ಷೆಯೊಳಗೆ ಒತ್ತಿದೆ. ಮೊದಲು ಸಿಂಚನಾಳದು. ಹಾಲಮ್ಮ ಪಕ್ಕದಲ್ಲಿ ಕೂತು ಒಂದೊಂದರ ಮೇಲೂ ಅಂಗೈ ಇಟ್ಟು ಒಣಗುವವರೆಗೆ ಅದುಮಿದಳು.

"ಇನ್ನು ಯಾರನ್ನೂ ತೆಗೆಯಲ್ಲ," ಎಂದೆ. "ಎಲ್ಲರೂ ಇಲ್ಲೇ."

"ತಪ್ಪು ಮಾಡಿದೋರು?" ಒಬ್ಬಳು ಕೇಳಿದಳು.

"ಅವರೂ ಇಲ್ಲೇ."

"ಕಚ್ಚಿದ್ರೆ?"

"ಕಚ್ಚಿದ್ರೆ ಮಿಸ್ ಬೈತೀನಿ. ನೋವಾದೋರಿಗೆ ಅವರೇ ಔಷಧಿ ಹಚ್ಚಬೇಕು. ಆದ್ರೆ ಫೋಟೋ ಇಲ್ಲೇ ಇರ್ತೈತೆ."

ಮಕ್ಕಳು ಅನುಮಾನದಿಂದ ನೋಡಿದರು. ಆಗ ಪ್ರೀತಮ್ ಎದ್ದ. ಎರಡು ತಿಂಗಳಲ್ಲಿ ಅಪ್ಪಣೆ ಇಲ್ಲದೆ ಅವನು ಎದ್ದದ್ದು ಅದೇ ಮೊದಲು. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದ. ನನ್ನ ಮುಖವನ್ನೇ ನೋಡುತ್ತ ಅಷ್ಟೂ ನೀರನ್ನು ನೆಲಕ್ಕೆ ಸುರಿದ. ಆಮೇಲೆ ಬಗ್ಗಿ ನಕ್ಷೆಯಲ್ಲಿ ತನ್ನ ಫೋಟೋ ಹುಡುಕಿದ. ಇತ್ತು. ಪಕ್ಕದವಳ ಬಾಟಲಿ ಎತ್ತಿಕೊಂಡು ಅದನ್ನೂ ಸುರಿದ. ಮತ್ತೆ ನೋಡಿದ. ಇತ್ತು. ಅಲ್ಲೇ ನೀರಿನಲ್ಲಿ ಕೂತು ಜೋರಾಗಿ ಅಳತೊಡಗಿದ. ಎತ್ತಿಕೊಂಡೆ. ಐದು ವರ್ಷದ ಮಗುವಿನ ಬೆನ್ನು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಸಡಿಲಾಗಲು ಬಹಳ ಹೊತ್ತು ಹಿಡಿಯಿತು.

ಸಂಜೆ ಅವನ ತಾಯಿ ಬಂದಾಗ ಮನೆಯಲ್ಲಿ ಹೇಗಿದ್ದಾನೆಂದು ಕೇಳಿದೆ. ಅವರು ದನಿ ತಗ್ಗಿಸಿದರು. "ಜೂನಿನಿಂದ ದಿನಾ ಹಾಸಿಗೆ ಒದ್ದೆ ಮಾಡ್ಕಂತಾನೆ ಮಿಸ್. ಮೊದಲು ಇರಲಿಲ್ಲ. ನಿಮಗೆ ಹೇಳಿದ್ರೆ ಫೋಟೋ ತೆಗೀತೀರಿ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ದ."

ಸಮುದ್ರಕ್ಕೆ ಬಿದ್ದವಳು ಅಡಗಿ ಕೂತಿದ್ದಳು. ಎಂದೂ ಬೀಳದವನು ಹೀಗಾಗಿದ್ದ. ಇನ್ನು ಮಿಕ್ಕ ಮೂರು ಊರುಗಳಲ್ಲಿ ಏನಾಗುತ್ತಿದೆಯೋ ಎಂಬ ಯೋಚನೆ ಬಂದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಒಂದು ಶನಿವಾರ ರಜೆ ಹಾಕಿ ಬೆಳಿಗ್ಗೆ ಬೇಗ ಹೊನ್ನಾಳಿಗೆ ಹೋದೆ. ಅಲ್ಲಿನ ಮಿಸ್ ನನಗಿಂತ ಹಿರಿಯರು. ಹೇಳುವ ಮೊದಲೇ ನಕ್ಕರು. "ನಾನು ಅದನ್ನ ಗೋಡೆಗೆ ಹಾಕೇ ಇಲ್ಲ ಕಣ್ರೀ. ಸರ್ ಬಂದಾಗ ಮಾತ್ರ ಹಾಕ್ತೀನಿ. ನಿಮಗೆ ಯಾರಾದ್ರೂ ಮಕ್ಕಳಿದ್ದಾರಾ ಮನೇಲಿ? ಇಲ್ಲ ಅಲ್ವಾ? ಅದಕ್ಕೇ," ಎಂದರು. ನಾಚಿಕೆಯಾದರೂ ಉಸಿರು ಸರಾಗವಾಯಿತು.

ಅಲ್ಲಿಂದ ಶಾಲೆ ಬಿಡುವುದರೊಳಗೆ ನ್ಯಾಮತಿಗೆ ಓಡಿದೆ. ಅಲ್ಲಿನ ಮಿಸ್ ನನ್ನ ಮಾತನ್ನೆಲ್ಲ ಕೇಳಿ, ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ನಿಮ್ಮ ಹತ್ರ ಆಯಾ ಅದಾಳೆ. ನನ್ನ ಹತ್ರ ಐವತ್ತೊಂದು ಮಕ್ಕಳು, ನಾನೊಬ್ಳೇ. ಇದು ಬಂದ ಮೇಲೆ ನಾನು ಮಧ್ಯಾಹ್ನ ಕೂತು ಊಟ ಮಾಡ್ತಿದ್ದೀನಿ. ಇದನ್ನ ಕಿತ್ಕಂಡ್ರೆ ಬದಲಿಗೆ ಏನು ಕೊಡ್ತೀರಿ, ಹೇಳ್ರಿ?" ನಕ್ಷೆ ಗೋಡೆಯ ಮೇಲೇ ಉಳಿಯಿತು.

ಮುಂದಿನ ಶನಿವಾರ ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರಿಗೆ ಹೋದೆ. ಚನ್ನಗಿರಿಯಲ್ಲಿ ಜಡಿಮಳೆ, ಅಲ್ಲಿ ಒಣ ಗಾಳಿ, ಧೂಳು. ಅಲ್ಲಿನ ಮಿಸ್ ನನ್ನ ವಯಸ್ಸಿನವರೇ. ನಾನು ನಕ್ಷೆ ಬರೆದವಳೆಂದು ತಿಳಿದು ಸಂಭ್ರಮದಿಂದ ಕ್ಲಾಸಿಗೆ ಕರೆದೊಯ್ದರು. "ನಮ್ಮ ಮಕ್ಕಳಿಗೆ ಸಮುದ್ರ ಅಂದ್ರೆ ಗೊತ್ತಾಗ್ಲಿಲ್ಲ ಮೇಡಂ. ಅದಕ್ಕೆ ಸ್ವಲ್ಪ ಬದಲಾಯಿಸಿದ್ದೀನಿ," ಎಂದರು.

ನಕ್ಷೆಯ ಪಕ್ಕದಲ್ಲಿ ಒಂದು ಚಪ್ಪಲಿ ಡಬ್ಬಿ ಅಂಟಿಸಿ, ಮೇಲೆ ಕೆಂಪು ಅಕ್ಷರದಲ್ಲಿ 'ಶತ್ರು ದೇಶ' ಎಂದು ಬರೆದಿದ್ದರು. ಡಬ್ಬಿಯೊಳಗೆ ಆರು ಫೋಟೋ ಇದ್ದವು. ಒಂದು ಮಗು ಹಲ್ಲು ಬಿದ್ದ ಬಾಯಿಯಲ್ಲಿ ನಗುತ್ತಿತ್ತು.

ನಾನು ಅಲ್ಲೇ ಮಕ್ಕಳ ಕುರ್ಚಿಯ ಮೇಲೆ ಕೂತುಬಿಟ್ಟೆ. ಅವರಿಗೆ ಸಿಂಚನಾಳ ವಿಷಯ ಹೇಳಿದೆ, ಪ್ರೀತಮನ ವಿಷಯ ಹೇಳಿದೆ. "ನಾನು ಶುರು ಮಾಡಿದ್ದು ಇದು. ನಿಮ್ಮ ತಪ್ಪಲ್ಲ. ದಯವಿಟ್ಟು ತೆಗೀರಿ," ಎಂದೆ. ಅವರ ಮುಖದ ಸಂಭ್ರಮ ಇಳಿದುಹೋಯಿತು. "ಯೋಚನೆ ಮಾಡ್ತೀನಿ," ಎಂದಷ್ಟೇ ಹೇಳಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಉದ್ದಕ್ಕೂ ನನ್ನ ಕಾಲು ಅಲುಗಾಡುತ್ತಲೇ ಇತ್ತು.

ಇತ್ತ ನನ್ನ ಕ್ಲಾಸು ಮತ್ತೆ ಗದ್ದಲಕ್ಕೆ ಬಿದ್ದಿತ್ತು. ಹೊಡೆದಾಟ ಮರಳಿತು. ಸಮುದ್ರದ ಬದಲಿಗೆ ನಾನು ಕೆಲಸ ಹಂಚಿದೆ. ಗಿಡಕ್ಕೆ ನೀರು ಹಾಕುವವರು, ಚಪ್ಪಲಿ ಜೋಡಿಸುವವರು, ಬಿದ್ದವರನ್ನು ಎತ್ತುವವರು. "ಇದೂ ದೇಶದ ಕೆಲಸವೇ" ಎಂದೆ. ಕೆಲವರು ಮಾಡಿದರು, ಕೆಲವರು ನೀರನ್ನು ಒಬ್ಬರಿಗೊಬ್ಬರು ಎರಚಿದರು. ಏನೂ ಬೇಗ ಸರಿಹೋಗಲಿಲ್ಲ.

ರುದ್ರಪ್ಪ ಸರ್‌ಗೆ ಸುದ್ದಿ ಮುಟ್ಟಿತು. ಕರೆಸಿದರು.

"ನಾಲ್ಕು ಊರಿಗೆ ಮಾದರಿ ಮಾಡಿದ್ದೆ ನಿಮ್ಮನ್ನ. ರಜೆ ಹಾಕಿ ಊರೂರು ತಿರುಗಿ ಅದನ್ನೇ ಬ್ಯಾಡ ಅಂತ ಹೇಳ್ಕಂತ ಬಂದೀರಂತೆ?"

"ಹೌದು ಸರ್. ನಾನು ಮಾಡಿದ್ದು ತಪ್ಪು."

"ದೇಶದ ಮೇಲೆ ಪ್ರೀತಿ ಕಲಿಸೋದು ತಪ್ಪಾ?"

"ಪ್ರೀತಿ ಕಲಿಸಲಿಲ್ಲ ಸರ್ ನಾನು. ಹೊರಗೆ ಹಾಕ್ತೀನಿ ಅನ್ನೋ ಹೆದರಿಕೆ ಕಲಿಸಿದೆ."

ಅವರು ಸೀಟಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೂತರು. ಅವರ ಸಿಟ್ಟು ಇಳಿಯಲಿಲ್ಲ. "ಹದಿನೈದು ಮುಗೀಲಿ, ನೋಡೋಣ," ಎಂದರು.

ಹದಿನೈದರಂದು ನಾಲ್ಕು ಊರಿನ ಮಕ್ಕಳು ಮೈದಾನದಲ್ಲಿ ಸೇರಿದರು. ವೇದಿಕೆಗೆ ನ್ಯಾಮತಿಯ ನಕ್ಷೆ ಏರಿತು. ಶಾಲು ಆ ಮಿಸ್‌ಗೆ ಹೋಯಿತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ರಾಷ್ಟ್ರಗೀತೆಯ ಹೊತ್ತಿಗೆ ಮೂರು ಸಾಲುಗಳು ಕಂಬದ ಹಾಗೆ ನಿಂತವು. ನನ್ನ ಸಾಲಿನಲ್ಲಿ ಒಬ್ಬ ಮೂಗು ತಿಕ್ಕುತ್ತಿದ್ದ, ಇನ್ನೊಬ್ಬಳು ಬಾವುಟದ ಕಡೆ ನೋಡುತ್ತ ಹಿಂದಕ್ಕೆ ಬಾಗಿ ಬಾಗಿ ಬೀಳುವಂತಾಗಿದ್ದಳು. ಪ್ರೀತಮ್ ಅವಳ ತೋಳು ಹಿಡಿದುಕೊಂಡು ಹಾಡಿದ. ಕಾರ್ಯಕ್ರಮ ಮುಗಿದ ಮೇಲೆ ಜಗಳೂರಿನ ಮಿಸ್ ಲಾಡು ಹಂಚುವ ಗದ್ದಲದಲ್ಲಿ ನನ್ನ ಹತ್ತಿರ ಬಂದು, "ಡಬ್ಬಿ ತೆಗೆದೆ," ಎಂದು ಎರಡೇ ಮಾತು ಹೇಳಿ ತಮ್ಮ ವ್ಯಾನಿನ ಕಡೆ ಹೋದರು.

ರುದ್ರಪ್ಪ ಸರ್ ನನ್ನನ್ನು ತಕ್ಷಣ ತೆಗೆಯಲಿಲ್ಲ. ಮಾರ್ಚ್‌ವರೆಗೆ ಇರಿ ಎಂದರು. ಮಾರ್ಚಿನಲ್ಲಿ ಹೊರಬಿದ್ದೆ. ಹೊನ್ನಾಳಿಯ ಬೇರೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ಆದರೆ ಆ ವರ್ಷ ನನ್ನ ಮಟ್ಟಿಗೆ ಮುಗಿದದ್ದು ಮಾರ್ಚಿನಲ್ಲಲ್ಲ.

ಸ್ವಾತಂತ್ರ್ಯದ ದಿನ ಕಳೆದು ಒಂದು ವಾರವಾಗಿತ್ತು. ಸಿಂಚನಾ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಒಳಗೆ ಹೋಗುವಾಗ ಹಾಲಮ್ಮ ನನ್ನ ಮೊಣಕೈ ತಿವಿದಳು. ಗೇಟಿನ ಆಚೆ ರೇಣುಕಾ, ಅವರ ಸೀರೆಯ ಹಿಂದೆ ಸಿಂಚನಾ. ಯೂನಿಫಾರ್ಮ್ ಹಾಕಿದ್ದಳು.

"ವ್ಯಾನಿನ ಹುಡುಗರು ಹೇಳ್ಯಾರೆ, ಮಿಸ್ ಎಲ್ಲಾರ್ನೂ ಅಂಟಿಸಿಬಿಟ್ಟಾರೆ ಅಂತ," ಎಂದರು ರೇಣುಕಾ. "ಇವ್ಳು ನಂಬಲ್ಲ. ಬರ್ತೀನಿ ಅಂತ ಹಟ ಮಾಡಿ ಬಂದ್ಲು, ಈಗ ಗೇಟು ದಾಟಲ್ಲ ಅಂತಾಳೆ."

"ಬಾ ಪುಟ್ಟಿ, ನಾನು ತೋರಿಸ್ತೀನಿ," ಎಂದು ಕೈ ಚಾಚಿದೆ.

ಸಿಂಚನಾ ನನ್ನ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ತಾಯಿಯ ಸೆರಗು ಎಳೆದು, "ಅವ್ವಾ, ನೀನು ನೋಡ್ಕಂಡು ಬಾ," ಎಂದಳು.

ರೇಣುಕಾ ನನ್ನ ಕಡೆ ನೋಡಿದರು. ಬುಟ್ಟಿಯನ್ನು ಗೇಟಿನ ಹತ್ತಿರ ಇಟ್ಟು, ಚಪ್ಪಲಿ ಬಿಟ್ಟು, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಮೊದಲ ಸಲ ಆ ಶಾಲೆಯ ಒಳಗೆ ಬಂದರು. ಮಕ್ಕಳು ಸದ್ದಿಲ್ಲದೆ ದಾರಿ ಬಿಟ್ಟರು. ಅವರು ನಕ್ಷೆಯ ಮುಂದೆ ನಿಂತು ಮಗಳ ಮುಖ ಹುಡುಕಿದರು. ಸಿಕ್ಕಿತು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ತೋರುಬೆರಳಿನ ಉಗುರನ್ನು ಫೋಟೋದ ಅಂಚಿಗೆ ಸಿಕ್ಕಿಸಿ ಎಬ್ಬಿಸಲು ನೋಡಿದರು. ಬರಲಿಲ್ಲ. ಇನ್ನೊಂದು ಮೂಲೆಯಿಂದ ಗೀರಿದರು. ಮೀನಿನ ಹುರುಪೆ ಕೀಳುವ ಗಟ್ಟಿ ಉಗುರು ಅದು. ಸ್ವಲ್ಪ ಬಿಳಿ ಕಾಗದ ಎದ್ದಿತು, ಅಷ್ಟೇ.

ಅವರು ಬಾಗಿಲಿಗೆ ಹೋಗಿ ಗೇಟಿನ ಕಡೆಗೆ ಕೂಗಿ ಹೇಳಿದರು.

"ಬರಲ್ಲ ಕಣೇ! ಕಿತ್ರೂ ಬರಲ್ಲ!"

ಸಿಂಚನಾ ಓಡಿ ಬಂದಳು. ಚಪ್ಪಲಿಯನ್ನೂ ಬಿಚ್ಚಲಿಲ್ಲ.